ಕರುಣೆಯ ಕಸುಬು

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬನನ್ನು ಬುದ್ಧಿವಂತ, ಇನ್ನೊಬ್ಬನನ್ನು ಮೆದು ಮನಸ್ಸಿನವ ಎಂದು ಹಂಚಿಬಿಡುವುದು ನಮ್ಮ ಹಳೆಯ ರೂಢಿ. ಬುದ್ಧಿವಂತ ಏನಾದರೂ ಹೊಸದನ್ನು ಮಾಡಿ ಹೆಸರು ತರುತ್ತಾನೆ, ಮೆದು ಮನಸ್ಸಿನವ ಮುಪ್ಪಿನಲ್ಲಿ ನಮ್ಮನ್ನು ನೋಡಿಕೊಳ್ಳುತ್ತಾನೆ ಎಂದು ನಂಬಿ ನೆಮ್ಮದಿಯಾಗಿರುತ್ತೇವೆ. ಸಮಾಜವಾಗಿಯೂ ನಾವು ಇದನ್ನೇ ಮಾಡಿದ್ದೇವೆ. ಸೃಷ್ಟಿಶೀಲತೆಯನ್ನು ರಂಗಮಂದಿರಕ್ಕೆ, ಪ್ರಯೋಗಾಲಯಕ್ಕೆ, ಕವಿಗೋಷ್ಠಿಗೆ ಕಳಿಸಿದ್ದೇವೆ; ಕರುಣೆಯನ್ನು ಮಠಕ್ಕೆ, ಆಸ್ಪತ್ರೆಗೆ, ಅನ್ನಛತ್ರಕ್ಕೆ ಒಪ್ಪಿಸಿದ್ದೇವೆ. ಈ ಎರಡೂ ಒಂದೇ ಬೇರಿನಿಂದ ನೀರು ಕುಡಿಯುತ್ತಿರಬಹುದೇ ಎಂದು ಕೇಳಿಕೊಳ್ಳುವ ಪುರುಸೊತ್ತು ನಮಗೆ ಸಿಕ್ಕಿದ್ದು ಕಡಿಮೆ. ವಾಲ್ಮೀಕಿಯ ಕಥೆಯಲ್ಲಿ ಹಕ್ಕಿಯ ಸಾವು ಕಾವ್ಯವಾದದ್ದನ್ನು ಕೇಳಿ ಬೆಳೆದವರು ನಾವು. ಆದರೆ ಅದು ಋಷಿಗಳ ಮಾತು, ಕವಿಗಳ ಮಾತು ಎಂದು ಬದಿಗಿಟ್ಟು ನಮ್ಮ ನಮ್ಮ ಕೆಲಸಕ್ಕೆ ಹೊರಟುಬಿಡುತ್ತೇವೆ. ಕೆಲಸದ ಲೋಕದಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ, ಔಷಧದ ಕೋಣೆಯಲ್ಲಿ ಈ ನಂಟು ಹೇಗೆ ಇದೆ ಎಂದು ನೋಡಬೇಕಾದರೆ ಎಲ್ಲಿ ನೋಡಬೇಕು?

ಕೋಲ್ಕತ್ತದಲ್ಲಿ ನೋಡಬಹುದು ಎಂದು ನನಗೆ ಅನ್ನಿಸುತ್ತದೆ. ಅಷ್ಟೊಂದು ಸಂಕಟವನ್ನೂ ಅಷ್ಟೊಂದು ಸೃಷ್ಟಿಯನ್ನೂ ಒಟ್ಟೊಟ್ಟಿಗೆ ಕಂಡ ಊರು ನಮ್ಮ ದೇಶದಲ್ಲಿ ಮತ್ತೊಂದಿಲ್ಲ.

ಅಲ್ಲಿಯ ಈಶ್ವರಚಂದ್ರ ಬಂದ್ಯೋಪಾಧ್ಯಾಯರಿಗೆ ಪಾಂಡಿತ್ಯಕ್ಕಾಗಿ ದೊರೆತ ಬಿರುದು ವಿದ್ಯಾಸಾಗರ. ಜನ ತಾವಾಗಿ ಕರೆದದ್ದು ದಯಾಸಾಗರ. ಒಂದು ಓದಿಗೆ ಸಂದದ್ದು, ಒಂದು ಮನಸ್ಸಿಗೆ ಸಂದದ್ದು ಎಂದು ನಾವು ಬೇರೆ ಮಾಡಿ ಓದುತ್ತೇವೆ. ಆದರೆ 1855ನೇ ಇಸವಿಯನ್ನು ನೋಡಿ. ಬಂಗಾಳದ ಮಕ್ಕಳು ತಲೆಮಾರುಗಳ ಕಾಲ ಅಕ್ಷರ ಕಲಿತ ‘ವರ್ಣಪರಿಚಯ’ ಎಂಬ ಪುಟ್ಟ ಪುಸ್ತಕ ಹೊರಬಂದದ್ದು ಆ ವರ್ಷ. ವಿಧವೆಯರ ಮರುಮದುವೆಗೆ ಶಾಸ್ತ್ರದ ಒಪ್ಪಿಗೆಯಿದೆ ಎಂದು ವಾದಿಸಿದ ಹೊತ್ತಗೆಗಳು ಬಂದದ್ದೂ ಅದೇ ವರ್ಷ. ಅಕ್ಷರ ತಿದ್ದುವ ಕೂಸು ಮತ್ತು ತಲೆ ಬೋಳಿಸಿ ಮೂಲೆಗೆ ಕೂರಿಸಿದ ಬಾಲವಿಧವೆ, ಇಬ್ಬರೂ ಒಂದೇ ಸಮಯದಲ್ಲಿ ಒಬ್ಬ ಮನುಷ್ಯನ ಕಣ್ಣ ಮುಂದಿದ್ದರು.

ಪರಾಶರ ಸ್ಮೃತಿಯಲ್ಲಿ ಮರುಮದುವೆಗೆ ಆಸ್ಪದ ಕೊಡುವ ಮಾತು ಇದ್ದದ್ದು ವಿದ್ಯಾಸಾಗರರು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ. ಅದನ್ನು ಬಾಯಿಪಾಠ ಮಾಡಿದ ಪಂಡಿತರು ನವದ್ವೀಪದಲ್ಲಿ ಇರಲಿಲ್ಲವೇ, ಕಾಶಿಯಲ್ಲಿ ಇರಲಿಲ್ಲವೇ? ಅವರ ವ್ಯಾಕರಣದಲ್ಲಿ ಕೊರತೆ ಇತ್ತೇ, ತರ್ಕದಲ್ಲಿ ಇತ್ತೇ? ಆ ಮಾತು ಅವರಿಗೆ ಕಾಣಲಿಲ್ಲ, ಏಕೆಂದರೆ ಅದನ್ನು ಹುಡುಕುವ ಅಗತ್ಯ ಅವರಿಗೆ ಬೀಳಲಿಲ್ಲ. ಸಂಕಟವನ್ನು ಕಂಡು ಕಂಗೆಟ್ಟವನು ಅದೇ ಗ್ರಂಥವನ್ನು ತೆರೆದಾಗ ಪುಟಗಳೇ ಬೇರೆಯಾಗಿ ಕಾಣುತ್ತವೆ. ಹೊಸದನ್ನು ಕಾಣುವುದು ಎಂದರೆ ಎಷ್ಟೋ ಸಲ ಇಷ್ಟೇ: ಎಲ್ಲರೂ ಓದಿದ್ದನ್ನು ಬೇರೊಬ್ಬರ ಪರವಾಗಿ ಓದುವುದು. 1856ರ ಜುಲೈಯಲ್ಲಿ ಕಾನೂನಾಯಿತು, ಡಿಸೆಂಬರ್ 7ರಂದು ಕೋಲ್ಕತ್ತದಲ್ಲಿ ಆ ಕಾನೂನಿನ ಮೊದಲ ಮದುವೆ ನಡೆಯಿತು. ಇಂಥ ಮದುವೆಗಳಿಗೆ ತಾವೇ ಖರ್ಚು ಹಾಕಿ ವಿದ್ಯಾಸಾಗರರು ಸಾಲದಲ್ಲಿ ಮುಳುಗಿದರು.

ಅಕ್ಷರಪುಸ್ತಕದ್ದೂ ಅದೇ ಕಥೆ. ಬಂಗಾಳಿ ಮಾತಿನಲ್ಲಿ ಬಳಕೆಯೇ ಇಲ್ಲದೆ ಸಂಸ್ಕೃತದ ಗೌರವಕ್ಕೆಂದು ವರ್ಣಮಾಲೆಯಲ್ಲಿ ಕೂತಿದ್ದ ದೀರ್ಘ ೠಕಾರದಂಥ ಅಕ್ಷರಗಳನ್ನು ಅವರು ಇಳಿಸಿದರು. ಜನರ ಬಾಯಲ್ಲಿ ದಿನವೂ ಇದ್ದು ಪಟ್ಟಿಯಲ್ಲಿ ಇಲ್ಲದ ಅಕ್ಷರಗಳಿಗೆ ಜಾಗ ಕೊಟ್ಟರು. ಸಣ್ಣ ಪದದಿಂದ ದೊಡ್ಡ ಪದಕ್ಕೆ, ಪದದಿಂದ ವಾಕ್ಯಕ್ಕೆ ಮೆಟ್ಟಿಲು ಕಟ್ಟಿದರು. ಸಂಸ್ಕೃತ ಕಾಲೇಜಿನ ಮುಖ್ಯಸ್ಥನಿಗೆ ಇದರಿಂದ ಯಾವ ಉಪಯೋಗ? ಅವರಿಗೆ ಆ ಹಳೆಯ ಪಟ್ಟಿ ಎಂದೂ ಭಾರವಾಗಿರಲಿಲ್ಲ. ಭಾರವಾಗಿದ್ದದ್ದು ಐದು ವರ್ಷದ ಕೂಸಿಗೆ. ಆ ಭಾರವನ್ನು ದೊಡ್ಡವರು ಹೊತ್ತು ನೋಡಿದಾಗ ಮಾತ್ರ ಯಾವ ಅಕ್ಷರ ಬೇಕು, ಯಾವುದು ಬೇಡ ಎಂದು ತಿಳಿಯುತ್ತದೆ.

ಕರುಣೆಗೂ ಸೃಷ್ಟಿಗೂ ಇರುವ ನಂಟು ಇಲ್ಲಿಂದ ಶುರುವಾಗುತ್ತದೆ ಎಂದು ನಾನು ತಿಳಿದಿದ್ದೇನೆ. ಅಯ್ಯೋ ಪಾಪ ಎಂದು ಮುಂದೆ ಹೋಗುವುದು ಎಲ್ಲರಿಗೂ ಬರುತ್ತದೆ. ಆ ಜಾಗದಿಂದ ಎದ್ದು ಹೋಗಲಾಗದಿರುವುದು ಕರುಣೆ. ಎದ್ದು ಹೋಗಲಾಗದವನಿಗೆ ಇದ್ದ ದಾರಿಗಳೆಲ್ಲ ಮುಚ್ಚಿಹೋದಾಗ ಏನಾಗುತ್ತದೆ? ಅಲ್ಲಿಯೇ, ಕೈಗೆ ಸಿಕ್ಕಿದ್ದರಲ್ಲಿಯೇ, ಇಲ್ಲದ ದಾರಿಯೊಂದನ್ನು ಅವನು ಮಾಡಿಕೊಳ್ಳಬೇಕಾಗುತ್ತದೆ.

1971ರಲ್ಲಿ, ಇಂದಿನ ಬಾಂಗ್ಲಾದೇಶವಾದ ಪೂರ್ವ ಬಂಗಾಳದಿಂದ, ಯುದ್ಧಕ್ಕೆ ಹೆದರಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಕೋಲ್ಕತ್ತದ ಈಶಾನ್ಯಕ್ಕೆ, ಗಡಿಗೆ ತೀರ ಹತ್ತಿರ ಇರುವ ಊರು ಬನಗಾಂವ್. ಮಳೆ ಹಿಡಿಯಿತು, ಶಿಬಿರಗಳಲ್ಲಿ ವಾಂತಿಭೇದಿ ಹಬ್ಬಿತು. ಕಾಲರಾ ಮನುಷ್ಯನನ್ನು ಒಣಗಿಸಿ ಕೊಲ್ಲುತ್ತದೆ. ದೇಹದ ನೀರು, ಉಪ್ಪು ಕೆಲವೇ ಗಂಟೆಗಳಲ್ಲಿ ಹರಿದುಹೋಗುತ್ತದೆ. ಅದನ್ನು ಮತ್ತೆ ತುಂಬಿದರೆ ರೋಗಿ ಎದ್ದು ಕೂರುತ್ತಾನೆ, ತುಂಬದಿದ್ದರೆ ಸಾಯುತ್ತಾನೆ. ತುಂಬಲು ಆಗ ಬಹುಪಾಲು ವೈದ್ಯರು ನಂಬಿದ್ದ ದಾರಿ ಒಂದೇ, ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲೈನ್ ಏರಿಸುವುದು. ಮಕ್ಕಳ ವೈದ್ಯ ದಿಲೀಪ್ ಮಹಾಲನಾಬಿಸ್ ಕೋಲ್ಕತ್ತದಿಂದ ಅಲ್ಲಿಗೆ ಹೋದಾಗ ಆಸ್ಪತ್ರೆಯ ಎರಡು ಕೋಣೆಗಳ ನೆಲದ ತುಂಬ ರೋಗಿಗಳು ಮಲಗಿದ್ದರು. ಸೂಜಿ ಹಾಕಬೇಕಾದರೆ ವಾಂತಿ, ಮಲದ ನಡುವೆ ಮೊಣಕಾಲೂರಿ ಕೂರಬೇಕಿತ್ತು ಎಂದು ಅವರು ಮುಂದೆ ನೆನೆಸಿಕೊಂಡಿದ್ದಾರೆ. ಬಂದ ಎರಡು ದಿನದಲ್ಲಿಯೇ ಅವರಿಗೆ ಗೊತ್ತಾಯಿತು, ಸಲೈನ್ ಬಾಟಲಿ ಸಾಲುವುದಿಲ್ಲ, ಸೂಜಿ ಹಾಕಲು ಬರುವವರೂ ಸಾಲುವುದಿಲ್ಲ.

ಆ ಹೊತ್ತಿನಲ್ಲಿ ಒಬ್ಬ ಒಳ್ಳೆಯ ವೈದ್ಯ ಏನು ಮಾಡಬಹುದು? ಸರ್ಕಾರಕ್ಕೆ ತಂತಿ ಕಳಿಸಬಹುದು. ಇರುವ ಬಾಟಲಿಗಳನ್ನು ಬದುಕುವ ಲಕ್ಷಣ ಇರುವವರಿಗೆ ಹಂಚಿ, ಉಳಿದವರನ್ನು ದೇವರಿಗೆ ಬಿಡಬಹುದು. ಎರಡೂ ತಪ್ಪಲ್ಲ, ಯಾರೂ ದೂರುವಂತಿಲ್ಲ. ಮಹಾಲನಾಬಿಸ್ ಮೂರನೆಯದನ್ನು ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ. ಕೋಲ್ಕತ್ತದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಲದ ಬಾಯಿಗೆ ಕಾದ ಇಸ್ತ್ರಿ ಒತ್ತಿ ಮುಚ್ಚಿ ಬನಗಾಂವ್‌ಗೆ ಸಾಗಿಸಿದರು. ಅಲ್ಲಿ ದೊಡ್ಡ ಡ್ರಮ್ಮುಗಳಲ್ಲಿ ಕುಡಿಯುವ ನೀರಿಗೆ ಕಲಸಿ, ಡ್ರಮ್ಮಿಗೆ ನಲ್ಲಿ ಇಟ್ಟರು. ಲೋಟ ತಂದು ನೀರು ಹಿಡಿದುಕೊಂಡು ಹೋಗಿ ಕುಡಿಸಬೇಕಾದವರು ರೋಗಿಯ ತಾಯಿ, ಅಣ್ಣ, ಅತ್ತಿಗೆ, ಯಾರಿದ್ದರೆ ಅವರು. ಮೂವತ್ತು ಪ್ರತಿಶತದಷ್ಟಿದ್ದ ಸಾವು 3.6 ಪ್ರತಿಶತಕ್ಕೆ ಇಳಿಯಿತು.

ಆ ನಲ್ಲಿಯ ಬಗ್ಗೆ ನಾವು ಸ್ವಲ್ಪ ಯೋಚಿಸಬೇಕು. ಸೂಜಿ ವೈದ್ಯನ ಕೈಯಲ್ಲಿರುವ ವಸ್ತು. ಅವನು ಬರುವ ತನಕ ತಾಯಿ ಕಾಯಬೇಕು. ನಲ್ಲಿ ಯಾರ ಕೈಗೂ ಸಿಗುತ್ತದೆ. ಮಗುವಿನ ಪಕ್ಕದಲ್ಲಿ ಏನೂ ಮಾಡಲಾಗದೆ ಕೂತಿದ್ದ ತಾಯಿಗೆ ಲೋಟವೊಂದು ಸಿಕ್ಕಿತು, ಮಾಡಲು ಕೆಲಸ ಸಿಕ್ಕಿತು. ಬಾಯಿಂದ ಕುಡಿಸುವ ನೀರು ಸಲೈನ್‌ಗೆ ಸಮ ಎಂದರೆ ಜನ ನಂಬುತ್ತಿರಲಿಲ್ಲ. ಹಾಗಾಗಿ ಇದೂ ಸಲೈನೇ, ಬಾಯಿಂದ ಕುಡಿಯುವ ಸಲೈನ್ ಎಂದು ಹೇಳಿ ಒಪ್ಪಿಸಿದರು. ರೋಗಿಯ ಅನುಮಾನಕ್ಕೂ ಒಂದು ಮರ್ಯಾದೆ ಇದೆ, ಅದನ್ನು ಗದರಿಸಿ ಓಡಿಸಬಾರದು ಎಂಬ ಅರಿವು ಇಲ್ಲದೆ ಈ ಉಪಾಯ ಹೊಳೆಯುತ್ತದೆಯೇ? ಔಷಧ ಕಲಸಿದ್ದು ಎಷ್ಟು ದೊಡ್ಡ ಸೃಷ್ಟಿಯೋ, ಕುಡಿಸುವ ಅಧಿಕಾರವನ್ನು ತಾಯಿಗೆ ಬಿಟ್ಟುಕೊಟ್ಟದ್ದು ಅಷ್ಟೇ ದೊಡ್ಡ ಸೃಷ್ಟಿ. ಅಂದಿನ ದೊಡ್ಡ ವೈದ್ಯರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ವರ್ಷಗಳಾದ ಮೇಲೆ, 1978ರಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆ ಈ ವಿಧಾನವನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದಾದದ್ದು ಎಂದು ಬಣ್ಣಿಸಿತು. ಇವತ್ತು ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಡ್ರಮ್ಮುಗಳಿವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮನಸ್ಸು ಕರಗಿದರೆ ಸಾಕು, ಉಪಾಯ ತಾನಾಗಿ ಉದುರುತ್ತದೆ ಎಂದು ಯಾರಾದರೂ ಹೇಳಿದರೆ ನಾವು ನಂಬಬಾರದು. ಬನಗಾಂವ್‌ಗೆ ಕರಗಿದ ಮನಸ್ಸಿನವರು ಎಷ್ಟು ಜನ ಬಂದಿರಲಿಲ್ಲ! ಮಹಾಲನಾಬಿಸ್ ಅಲ್ಲಿಗೆ ಹೋಗುವ ಮೊದಲು ಕೋಲ್ಕತ್ತದ ಸಂಶೋಧನಾ ಕೇಂದ್ರದಲ್ಲಿ ಇದೇ ವಿಷಯದ ಮೇಲೆ ವರ್ಷಗಟ್ಟಲೆ ದುಡಿದಿದ್ದರು. ಗ್ಲೂಕೋಸ್ ಜೊತೆಗಿದ್ದರೆ ಕಾಲರಾ ಹಿಡಿದ ಕರುಳೂ ಉಪ್ಪು, ನೀರನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಢಾಕಾದಲ್ಲಿಯೂ ಕೋಲ್ಕತ್ತದಲ್ಲಿಯೂ ಸಂಶೋಧಕರು ಅದಾಗಲೇ ಪರೀಕ್ಷಿಸಿದ್ದರು. ಅದಕ್ಕೂ ಹಿಂದೆ, 1953ರಲ್ಲಿಯೇ, ಕೋಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ ಬಾಯಿಂದ ಉಪ್ಪು-ಗ್ಲೂಕೋಸ್ ನೀರು ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಿದ್ದನ್ನು ಬರೆದಿದ್ದರು. ನಮ್ಮ ಹಿತ್ತಲಲ್ಲಿ ಬೆಳೆಯುವ ದೊಡ್ಡಪತ್ರೆಯ ರಸವನ್ನೂ ಅವರು ಬಳಸಿದ್ದರು. ಯಾರೂ ಕಿವಿಗೊಡಲಿಲ್ಲ. ಅದೇ ಊರಿನ ಶಂಭುನಾಥ ಡೇ ಸಾಮಾನ್ಯ ಸಲಕರಣೆಗಳಲ್ಲಿಯೇ ಮೊಲದ ಕರುಳಿನ ಮೇಲೆ ಪ್ರಯೋಗ ನಡೆಸಿ, ಕಾಲರಾ ಕೊಲ್ಲುವುದು ಒಂದು ವಿಷದ ಮೂಲಕ ಎಂದು 1959ರಲ್ಲಿ ತೋರಿಸಿದರು. ಅವರಿಗೂ ಬದುಕಿದ್ದಾಗ ತಕ್ಕ ಮನ್ನಣೆ ಸಿಗಲಿಲ್ಲ. ಹಾಗಾದರೆ ಬನಗಾಂವ್‌ನಲ್ಲಿ ಹೊಸದಾಗಿ ಸೇರಿದ್ದು ಏನು? ಅರಿವು ಮೊದಲೇ ಇತ್ತು, ಪುಸ್ತಕದ ಕಪಾಟಿನಲ್ಲಿ ಇತ್ತು, ತಜ್ಞರ ಸಭೆಯಲ್ಲಿ ಇತ್ತು. ಅದನ್ನು ಮಲಗಿದ್ದ ಮಗುವಿನ ಬಾಯಿಯ ತನಕ ತಲುಪಿಸುವ ತವಕ ಸೇರಿತು. ಅರಿವಿಲ್ಲದ ಕರುಣೆ ಕಣ್ಣೀರಾಗಿ ಇಂಗುತ್ತದೆ. ಕರುಣೆಯಿಲ್ಲದ ಅರಿವು ಕಪಾಟಿನಲ್ಲಿ ಧೂಳು ಹಿಡಿಯುತ್ತದೆ.

ಇನ್ನೊಂದು ಮಾತು, ನಮ್ಮ ಕಾಲಕ್ಕೆ ಬೇಕಾದದ್ದು. ಆಸ್ಪತ್ರೆಯ ದಾದಿಯರು, ಶಾಲೆಯ ಶಿಕ್ಷಕಿಯರು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಸೊಸೆಯಂದಿರು, ಇವರ ಮನಸ್ಸು ಒಂದು ಹಂತದಲ್ಲಿ ಬತ್ತಿಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಬೇರೆಯವರ ನೋವನ್ನು ಅತಿಯಾಗಿ ಹಚ್ಚಿಕೊಂಡರೆ ಹೀಗೇ ಎಂದು ಬುದ್ಧಿ ಹೇಳುತ್ತೇವೆ. ನಿಜವಾಗಿ ಅವರನ್ನು ಬತ್ತಿಸಿದ್ದು ಯಾವುದು? ಬೆಳಗಿನಿಂದ ಸಂಜೆಯವರೆಗೆ ನೋವನ್ನು ನೋಡಬೇಕು, ಆದರೆ ಅದಕ್ಕಾಗಿ ತಮ್ಮದೇ ಆದ ಒಂದು ಸಣ್ಣ ಬದಲಾವಣೆ ಮಾಡುವ ಸ್ವಾತಂತ್ರ್ಯವೂ ಇಲ್ಲ. ಮಂಚವನ್ನು ಕಿಟಕಿಯ ಕಡೆಗೆ ಸರಿಸಲು ಮೇಲಿನವರ ಅಪ್ಪಣೆ, ಪಾಠವನ್ನು ಹಾಡಾಗಿಸಲು ಮೇಲಿನವರ ಅಪ್ಪಣೆ. ಕೈ ಕಟ್ಟಿಹಾಕಿ ಮನಸ್ಸನ್ನು ತೆರೆದಿಡು ಎಂದರೆ ಯಾರಿಗೆ ಸಾಧ್ಯ? ಕರುಣೆ ಸೃಷ್ಟಿಯನ್ನು ಹುಟ್ಟಿಸುತ್ತದೆ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಸೃಷ್ಟಿಗೆ ಅವಕಾಶ ಸಿಕ್ಕಲ್ಲಿ ಮಾತ್ರ ಕರುಣೆ ಬಹುಕಾಲ ಬಾಳುತ್ತದೆ. ಜನರನ್ನು ದುಡಿಸುವ ಜಾಗದಲ್ಲಿ ಕೂತಿರುವ ನಮ್ಮಂಥ ಹಿರಿಯರು ಇದನ್ನು ಮೊದಲು ಮನಗಾಣಬೇಕು.

ಇಷ್ಟು ಹೊತ್ತು ನಾವು ಮಾತಾಡಿದ್ದು ನೋವನ್ನು ಕಡಿಮೆ ಮಾಡಿದ ಸೃಷ್ಟಿಯ ಬಗ್ಗೆ. ಕಲೆಯ ಪ್ರಶ್ನೆ ಇಷ್ಟು ಸುಲಭವಲ್ಲ. 1943ರ ಬರದಲ್ಲಿ ಹಳ್ಳಿಗಳಿಂದ ಕೋಲ್ಕತ್ತಕ್ಕೆ ನಡೆದು ಬಂದವರು ಗಂಜಿಯ ತಿಳಿಯನ್ನಾದರೂ ಕೊಡಿ ಎಂದು ಮನೆಮನೆಯ ಬಾಗಿಲಲ್ಲಿ ಬೇಡುತ್ತ ಬೀದಿಯಲ್ಲಿ ಸತ್ತರು. ಬಂಗಾಳದಲ್ಲಿ ಸತ್ತವರು ಇಪ್ಪತ್ತರಿಂದ ಮೂವತ್ತು ಲಕ್ಷ ಎಂದು ಅಂದಾಜು. ಸರ್ಕಾರಿ ಕಲಾಶಾಲೆಯಲ್ಲಿ ಮೇಷ್ಟರಾಗಿದ್ದ ಜೈನುಲ್ ಅಬೇದಿನ್ ಅಗ್ಗದ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಅವರನ್ನು ಬರೆದರು. ಇನ್ನೊಬ್ಬ ಕಲಾವಿದ ಚಿತ್ತಪ್ರಸಾದ್ ಅದೇ ವರ್ಷದ ನವೆಂಬರ್‌ನಲ್ಲಿ ಮೇದಿನಿಪುರದ ಹಳ್ಳಿಗಳಲ್ಲಿ ನಡೆದು ಬರೆದರು. ಹಸಿದು ಬಿದ್ದವನ ಮುಂದೆ ನಿಂತು ಕುಂಚ ತೆಗೆಯುವುದು ಕರುಣೆಯೇ? ಆ ಕಾಗದದ ದುಡ್ಡಿಗೆ ಒಂದು ಹಿಡಿ ಅಕ್ಕಿ ಬರುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಕಲಾಪ್ರೇಮಿಗಳು ಬೇಗ ದಾಟಿಬಿಡುತ್ತಾರೆ. ದಾಟಬಾರದು. ಬೇರೆಯವರ ದುಃಖವನ್ನು ಬಂಡವಾಳ ಮಾಡಿಕೊಂಡು ಹೆಸರು ಗಳಿಸಿದ ಕಲೆ ಲೋಕದಲ್ಲಿ ಬೇಕಾದಷ್ಟಿದೆ.

ಆದರೆ ಚಿತ್ತಪ್ರಸಾದರ ಹಾಳೆಗಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಕಾಣುತ್ತದೆ. ಬರೆದ ಮನುಷ್ಯನ ಹೆಸರು, ಊರು, ಅವನಿಗೆ ಏನಾಯಿತು ಎಂಬುದನ್ನು ಅವರು ಗುರುತು ಮಾಡಿಕೊಂಡಿದ್ದಾರೆ. ಲಕ್ಷಗಳ ಲೆಕ್ಕದಲ್ಲಿ ಕರಗಿಹೋಗಬೇಕಿದ್ದ ಒಬ್ಬನನ್ನು ಅವರು ಒಬ್ಬನಾಗಿಯೇ ಉಳಿಸಿದರು. ಬರ ಎಂಬುದನ್ನೇ ಮರೆಮಾಚಲು ಹೊರಟಿದ್ದ ಸರ್ಕಾರಕ್ಕೆ ಇದಕ್ಕಿಂತ ಅಪಾಯದ ಕೆಲಸ ಯಾವುದಿದ್ದೀತು? ಆ ಚಿತ್ರಗಳ ‘ಹಂಗ್ರಿ ಬೆಂಗಾಲ್’ ಪುಸ್ತಕದ ಐದು ಸಾವಿರ ಪ್ರತಿಗಳನ್ನು ಬ್ರಿಟಿಷರು ವಶಪಡಿಸಿಕೊಂಡು ನಾಶ ಮಾಡಿದರು. ಅಕ್ಕಿ ಅಂದಿನ ಹಸಿವನ್ನು ತಣಿಸುತ್ತಿತ್ತು, ನಿಜ. ಇದು ಹಸಿವಲ್ಲ, ಇಂಥವನ ಸಾವು, ಇದಕ್ಕೆ ಉತ್ತರ ಹೇಳಬೇಕಾದವರಿದ್ದಾರೆ ಎಂದು ಆ ಹಾಳೆಗಳು ಇಂದಿಗೂ ಹೇಳುತ್ತಿವೆ. ನನ್ನ ಮಟ್ಟಿಗೆ ಕಲೆಯಲ್ಲಿ ಕರುಣೆ ಇದೆಯೋ ಇಲ್ಲವೋ ಎಂದು ತಿಳಿಯಲು ಇದೇ ಒರೆಗಲ್ಲು: ನೋಡಿ ಮುಗಿಸಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವವನು ಕಲಾವಿದನೋ, ಆ ಮನುಷ್ಯನೋ?

ಚಿತ್ತಪ್ರಸಾದರ ದಾರಿಯಲ್ಲಿಯೇ ಬರದ ನೋಟಗಳನ್ನು ಬರೆಯಲು ಕಲಿತ ತರುಣ ಸೋಮನಾಥ ಹೊರೆ. ಹುಟ್ಟಿದ್ದು ಚಿತ್ತಗಾಂಗಿನಲ್ಲಿ, ಕಲಿತದ್ದು ಕೋಲ್ಕತ್ತದ ಸರ್ಕಾರಿ ಕಲಾಶಾಲೆಯಲ್ಲಿ. ಆ ಎಲುಬು ತೇಲಿದ ಮೈಗಳನ್ನು ಅವರಿಗೆ ಬದುಕಿಡೀ ಬಿಡಲಾಗಲಿಲ್ಲ. 1970ರ ದಶಕದಲ್ಲಿ ಅವರು ಬಣ್ಣವನ್ನೂ ಬಿಟ್ಟರು, ಆಕೃತಿಯನ್ನೂ ಬಿಟ್ಟರು. ಕಾಗದದ ಹಸಿ ತಿರುಳನ್ನು ಅಚ್ಚಿಗೆ ಒತ್ತಿ, ಬಿಳಿಯ ಮೇಲೆ ಬಿಳಿಯಾಗಿಯೇ ಸೀಳು, ಗಂಟು, ಗಾಯದ ತುಟಿಗಳನ್ನು ಮೂಡಿಸಿದರು. ‘ಗಾಯಗಳು’ ಎಂದೇ ಆ ಮಾಲಿಕೆಗೆ ಹೆಸರು. ಅದರಲ್ಲಿ ಮನುಷ್ಯನ ಮುಖವಿಲ್ಲ, ಆದರೂ ಕೈ ಹಿಂದಕ್ಕೆ ಸರಿಯುತ್ತದೆ, ಮುಟ್ಟಿದರೆ ಯಾರಿಗೋ ನೋವಾದೀತೆಂದು. ಮೂವತ್ತು ವರ್ಷ ಒಂದು ನೋವನ್ನು ಮರೆಯದೆ ಇಟ್ಟುಕೊಂಡವನಿಗೆ ಮಾತ್ರ ಇಂಥ ರೂಪ ಸಿಗುತ್ತದೆ. ಬನಗಾಂವ್‌ನಲ್ಲಿ ಕರುಣೆಗೆ ಎರಡು ದಿನದ ಗಡುವಿತ್ತು; ಇಲ್ಲಿ ಮೂವತ್ತು ವರ್ಷ ಹಿಡಿಯಿತು. ಎರಡೂ ಕಡೆ ಎದ್ದು ಹೋಗಲಾಗದ ಮನಸ್ಸು ಒಂದೇ.

ಹೆಸರಾದವರನ್ನೇ ಹೇಳಿದರೆ ತಪ್ಪಾದೀತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸೀರೆಯ ಅಂಚಿನಿಂದಲೇ ಎಳೆದ ಬಣ್ಣದ ನೂಲಿನಿಂದ ಬಂಗಾಳದ ಹೆಂಗಸರು ಕಾಂಥಾ ಹೊಲಿದರು, ನಮ್ಮ ಹೆಂಗಸರು ಕೌದಿ ಹೊಲಿದರು. ಕೋಲ್ಕತ್ತದ ಜೋಕಾದಲ್ಲಿರುವ ಗುರುಸದಯ ಸಂಗ್ರಹಾಲಯದಲ್ಲಿ ಮಾನದಾಸುಂದರಿ ದಾಸಿ ಎಂಬಾಕೆ ತನ್ನ ತಂದೆಗಾಗಿ ಹೊಲಿದ ಹತ್ತೊಂಬತ್ತನೇ ಶತಮಾನದ ಕಾಂಥಾ ಒಂದಿದೆ. ನಮ್ಮ ಉತ್ತರ ಕರ್ನಾಟಕದ ಕೆಲವೆಡೆ ಕೌದಿಯ ಕೊನೆಯ ತೇಪೆ ಮುಚ್ಚುವ ಮೊದಲು ಒಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಹಲಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ನಾಲ್ಕು ಮೂಲೆಗೂ ಬಟ್ಟೆಯ ಹೂವು ಕೂರಿಸದೆ ಕೌದಿ ಮುಗಿಸುವುದಿಲ್ಲ, ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಚಳಿಗೆ ಹೊದಿಕೆ ಬೇಕಿತ್ತು, ಅದಕ್ಕೆ ತೇಪೆ ಸಾಕಿತ್ತು. ಹೂವು ಏಕೆ ಬೇಕಾಯಿತು? ಹೊದೆಯುವವರು ಯಾರು ಎಂದು ಹೊಲಿಯುವಾಕೆಗೆ ಗೊತ್ತಿತ್ತು. ತೊಟ್ಟಿಲಲ್ಲಿರುವ ಮೊಮ್ಮಗಳ ಮುಖ ನೆನೆಸಿಕೊಂಡು ಸೂಜಿ ಎಳೆಯುವಾಗ ಕೈ ತೇಪೆಗೆ ನಿಲ್ಲುವುದಿಲ್ಲ.

ನಮ್ಮ ದಿನನಿತ್ಯದ ಕೆಲಸದಲ್ಲಿ ಕಳೆದುಹೋಗಿರುವುದು ಈ ಮುಖ ಅಲ್ಲವೇ? ಸರ್ಕಾರಿ ಅರ್ಜಿ ನಮೂನೆಯನ್ನು ಬರೆದವನ ಕಣ್ಣ ಮುಂದೆ ಅದನ್ನು ತುಂಬಬೇಕಾದ ಮುದುಕಿ ಇರಲಿಲ್ಲ. ಬ್ಯಾಂಕಿನ ಕೌಂಟರನ್ನು ಎದೆಮಟ್ಟಕ್ಕೆ ಕಟ್ಟಿದವನು ಗಾಲಿಕುರ್ಚಿಯಲ್ಲಿ ಬರುವವನನ್ನು ನೆನೆಸಿಕೊಳ್ಳಲಿಲ್ಲ. ಪಠ್ಯಪುಸ್ತಕದ ವಾಕ್ಯವನ್ನು ಅಷ್ಟು ಸುತ್ತಿ ಬರೆದವನು ಹಿಂದಿನ ಬೆಂಚಿನ ಹುಡುಗಿಯನ್ನು ನೆನೆಸಿಕೊಳ್ಳಲಿಲ್ಲ. ಇವರು ಯಾರೂ ಕೆಟ್ಟವರಲ್ಲ. ತಮ್ಮ ಕೆಲಸ ಯಾರ ಕೈಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನೋಡುವ ಅಭ್ಯಾಸ ತಪ್ಪಿದವರು. ಹೊಸದನ್ನು ಮಾಡಿ, ಹೊಸದಾಗಿ ಯೋಚಿಸಿ ಎಂದು ಎಲ್ಲ ಕಡೆ ತರಬೇತಿ ಕೊಡುವ ಕಾಲ ಇದು. ಯಾರಿಗಾಗಿ ಎಂಬುದನ್ನು ಕಲಿಸದೆ ಹೊಸದನ್ನು ಮಾತ್ರ ಕಲಿಸಿದರೆ ಕಣ್ಣು ಕುಕ್ಕುವ ವಸ್ತುಗಳು ಹುಟ್ಟುತ್ತವೆ, ಕೈಗೆ ಆಗುವ ವಸ್ತುಗಳು ಹುಟ್ಟುವುದಿಲ್ಲ.

ಕೊಡುವುದಕ್ಕೂ ಸೃಷ್ಟಿಶೀಲತೆ ಬೇಕು. ವಿದ್ಯಾಸಾಗರರು ಕೊನೆಯ ವರ್ಷಗಳನ್ನು ಬಹುಪಾಲು ಕೋಲ್ಕತ್ತದಿಂದ ದೂರ, ಇಂದಿನ ಝಾರ್ಖಂಡಿನ ಕರ್ಮಾಟಾಂಡ್‌ನಲ್ಲಿ ಸಂತಾಲರ ನಡುವೆ ಕಳೆದರು. ಅಲ್ಲಿಗೆ ಹೋಗಿದ್ದ ಬಂಗಾಳಿ ವಿದ್ವಾಂಸ ಹರಪ್ರಸಾದ ಶಾಸ್ತ್ರಿಗಳು ತಾವು ಕಂಡದ್ದನ್ನು ಬರೆದಿಟ್ಟಿದ್ದಾರೆ. ಬೆಳಗ್ಗೆ ಸಂತಾಲರು ಮೆಕ್ಕೆಜೋಳದ ತೆನೆ ಹೊತ್ತು ಬರುತ್ತಿದ್ದರು, ಕೇಳಿದ ಬೆಲೆ ಕೊಟ್ಟು ವಿದ್ಯಾಸಾಗರರು ಕೊಂಡು ಕಪಾಟಿನಲ್ಲಿ ಪೇರಿಸುತ್ತಿದ್ದರು. ಹೊತ್ತು ಇಳಿದ ಮೇಲೆ ಸಂತಾಲರು ಹಸಿದು ಬಂದು ತಿನ್ನಲು ಕೊಡು ಎನ್ನುತ್ತಿದ್ದರು, ಅದೇ ತೆನೆಗಳನ್ನು ತೆಗೆದು ಕೊಡುತ್ತಿದ್ದರು, ಅವರು ಅಲ್ಲಿಯೇ ಬೆಂಕಿ ಹಾಕಿ ಸುಟ್ಟು ತಿನ್ನುತ್ತಿದ್ದರು. ದುಡ್ಡು ಹಂಚಿದ್ದರೆ ಬೇಗ ಮುಗಿಯುತ್ತಿತ್ತು. ಹಾಗೆ ಮಾಡಲಿಲ್ಲ. ಬೆಳಗ್ಗೆ ಅವರು ವ್ಯಾಪಾರಿಗಳು, ಇವರು ಗಿರಾಕಿ. ಸಂಜೆ ಅವರು ನೆಂಟರು, ಇವರು ಮನೆಯ ಯಜಮಾನ. ಇಡೀ ದಿನದಲ್ಲಿ ಯಾರೂ ಭಿಕ್ಷುಕರಾಗಲಿಲ್ಲ. ದಾನದ ಲೆಕ್ಕಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಬನಗಾಂವ್‌ನ ಡ್ರಮ್ಮಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಗಡಿಯ ಆಚೆಗೆ ಮುಂದುವರಿಯುತ್ತದೆ. ಬಾಂಗ್ಲಾದೇಶದ ಹಳ್ಳಿಗಳಿಗೆ ಪೊಟ್ಟಣವೂ ತಲುಪದ ಕಾಲದಲ್ಲಿ, 1980ರಿಂದ ಹತ್ತು ವರ್ಷ, ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆ ಮನೆಗೆ ನಡೆದು ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ಈ ನೀರು ಕಲಸುವುದನ್ನು ಕಲಿಸಿದರು. ಮೂರು ಬೆರಳಲ್ಲಿ ಎತ್ತಿದ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಗ್ರಾಂ ಲೆಕ್ಕ ತಾಯಿಯ ಬೆರಳಿನ ಲೆಕ್ಕವಾಯಿತು. ಮೊದಮೊದಲು ಕಲಿಸುವವರಿಗೇ ಇದರ ಮೇಲೆ ನಂಬಿಕೆ ಸಾಲದು, ತಮಗೆ ಭೇದಿಯಾದರೆ ತಾವೇ ಕುಡಿಯುವುದಿಲ್ಲ ಎಂದು ಗೊತ್ತಾದಾಗ, ಅವರನ್ನು ಕೂರಿಸಿ ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸಿಕೊಟ್ಟರು. ಇನ್ನೊಂದು ಏರ್ಪಾಡು ಇತ್ತು. ಕಲಿಸಿ ಹೋದ ಕೆಲವು ವಾರಗಳ ಮೇಲೆ ಬೇರೊಬ್ಬರು ಬಂದು ಆರಿಸಿದ ಮನೆಗಳಲ್ಲಿ ತಾಯಿಗೆ ಎಷ್ಟು ನೆನಪಿದೆ ಎಂದು ಕೇಳುತ್ತಿದ್ದರು, ಅವಳ ಕೈಯಲ್ಲೇ ಕಲಸಿಸಿ ನೋಡುತ್ತಿದ್ದರು. ಕಲಿಸಿದವಳಿಗೆ ಎಷ್ಟು ಸಂಬಳ ಎಂಬುದು ತಾಯಿಯ ಉತ್ತರದ ಮೇಲೆ ನಿಂತಿತ್ತು. ಎಷ್ಟು ಮನೆ ಸುತ್ತಿದೆ, ಎಷ್ಟು ಚೆನ್ನಾಗಿ ಮಾತಾಡಿದೆ ಎಂಬುದಕ್ಕೆ ಬೆಲೆ ಇರಲಿಲ್ಲ. ಹಾಗಾಗಿ ಆ ಹೆಣ್ಣುಮಕ್ಕಳು ಅಂಗಳದಲ್ಲಿ ಕೂತು ತಾಯಿಯ ಮುಖ ನೋಡುತ್ತಲೇ ಕಲಿಸಬೇಕಾಯಿತು. ತಿಳಿಯಲಿಲ್ಲ ಎಂದು ಆ ಮುಖ ಹೇಳಿದ ಕೂಡಲೇ ಮಾತು ಬದಲಿಸಿ, ಮತ್ತೆ ಉಪ್ಪಿನ ಡಬ್ಬಿ ತೆಗೆಸಿ, ಅವಳ ಮೂರು ಬೆರಳನ್ನು ಹಿಡಿದು ತೋರಿಸುತ್ತಿದ್ದರು.